ತೀರದ ಮುನ್ನೂರು

ಗ್ಲೇಸ್ ಬೇಯಲ್ಲಿ ನನ್ನದೊಂದು ರಿಪೇರಿ ಅಂಗಡಿ.
ಬೋರ್ಡಿನ ಎರಡಕ್ಷರ ಉಪ್ಪುಗಾಳಿಗೆ ಉದುರಿವೆ.
ಮಾರ್ಚಿಯ ಒಂದು ಮಂಗಳವಾರ, ಹಿಮ ಕೊಳೆತು ಕೆಸರಾದ ಹೊತ್ತು,
ಮರ್ಡೀನಾ ಬಂದಳು, ಶಾಲೆ ಬಸ್ಸು ಓಡಿಸಿ ನಿವೃತ್ತಳಾದವಳು,
ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ
ಜ್ವರದ ಬೆಕ್ಕನ್ನು ತಂದಂತೆ ತಂದಳು.

"ಹತ್ತೊಂಬತ್ತು ವರ್ಷದ ಲೆಕ್ಕ ಇದೆ ಇದರಲ್ಲಿ.
ಹಾಲು, ಹೀಟರಿನ ಎಣ್ಣೆ, ಹಲ್ಲಿನ ಡಾಕ್ಟರು,
ಬಿಂಗೋದಲ್ಲಿ ಗೆದ್ದದ್ದು, ಸೋತದ್ದು.
ಸೋತದ್ದಕ್ಕೆ 'ಇತರೆ' ಅಂತ ಹೆಸರು."

ಬ್ಯಾಕಪ್ ಇದೆಯಾ, ಕೇಳಿದೆ.
ಎಲ್ಲರನ್ನೂ ಕೇಳುತ್ತೇನೆ; ಎಲ್ಲರೂ ಆಗ ಕಿಟಕಿಯಾಚೆ ನೋಡುತ್ತಾರೆ.
ಇವಳು ನೋಡಲಿಲ್ಲ.
"ಪ್ರತಿ ಭಾನುವಾರ, ಚರ್ಚಿನಿಂದ ಬಂದು, ಕೋಟು ಕಳಚುವ ಮೊದಲು.
ಮುಚ್ಚುವಾಗ ಕೇಳುತ್ತದಲ್ಲ, ನಕಲು ಇಡಲೇ ಎಂದು,
ಒಂದು ದಿನವೂ ಬೇಡ ಅಂದವಳಲ್ಲ ನಾನು."

ಎಲ್ಲಿ ಇಟ್ಟೆ?

"ಅದರಲ್ಲೇ."

ತಿಜೋರಿಯ ಬೀಗದಕೈ ತಿಜೋರಿಯೊಳಗೇ.
ನಾನೂರು ಚಿಲ್ಲರೆ ಭಾನುವಾರಗಳು, ತಾರೀಖು ಹಚ್ಚಿ, ಸಾಲಾಗಿ,
ಒಂದೇ ತಟ್ಟೆಯ ಮೇಲೆ. ಆ ತಟ್ಟೆ ಈಗ ತಿರುಗಿದರೆ
ಹಲ್ಲು ಕಡಿಯುವ ಸದ್ದು ಬಿಟ್ಟು ಬೇರೇನಿಲ್ಲ.

ನನ್ನಪ್ಪ ಕಲ್ಲಿದ್ದಲ ಗಣಿಯವನು, ಕಡಲಡಿಯ ಸುರಂಗ.
ಇಳಿಯುವಾಗ ಎರಡು ಹಿತ್ತಾಳೆ ಬಿಲ್ಲೆ, ಒಂದೇ ನಂಬರು:
ಒಂದು ಸೊಂಟಕ್ಕೆ, ಒಂದು ಮೇಲೆ, ದೀಪದ ಕೋಣೆಯ ಮೊಳೆಗೆ.
ಎರಡನ್ನೂ ಜೇಬಿಗೆ ಹಾಕಿಕೊಂಡು ಇಳಿದವನ
ಹೆಸರು ಕೂಗಲು ಮೇಲೆ ಏನೂ ಉಳಿಯುವುದಿಲ್ಲ.
ಇದನ್ನು ಅವಳಿಗೆ ಹೇಳಬೇಕೆಂದುಕೊಂಡೆ, ಹೇಳಲಿಲ್ಲ.
ಅವಳಪ್ಪನೂ ಅಲ್ಲೇ ಇಳಿದವನು.

"ತಡಿ," ಅಂದಳು. ಕೈಚೀಲ ಬೋರಲು ಹಾಕಿದಳು:
ಕೆಮ್ಮಿನ ಗುಳಿಗೆ, ಒಂಟಿ ಗವಸು, ಕೂಪನ್ನುಗಳ ಕಂತೆ,
ಕೀಗೊಂಚಲಲ್ಲಿ ಕೆಂಪು ಪ್ಲಾಸ್ಟಿಕ್ಕಿನ ಲಾಬ್‌ಸ್ಟರು,
ಸಹಕಾರಿ ಬ್ಯಾಂಕು ಎಂದೋ ಪುಕ್ಕಟೆ ಕೊಟ್ಟ ಪೆನ್‌ಡ್ರೈವು.
ತಲೆ ಕಿತ್ತರೆ ಒಳಗೆ ಒಂದೇ ಒಂದು ಫೈಲು.
ಎಂಟು ವರ್ಷ ಹಿಂದಿನ ಅಕ್ಟೋಬರು.
ಹಳೇ ಯಂತ್ರದಿಂದ ಹೊಸದಕ್ಕೆ ದಾಟಿಸಿದ ಸಂಜೆ ಇರಬೇಕು,
ಅವಳಿಗೇ ನೆನಪಿಲ್ಲ.

ಬೇರೆ ಯಂತ್ರಕ್ಕೆ ಚುಚ್ಚಿದೆ.
ಕೊಸರಾಡಿತು, ಪಾಸ್‌ವರ್ಡು ಕೇಳಿತು;
ಅವಳು ತನ್ನ ಬಸ್ಸಿನ ನಂಬರು ಒತ್ತಿದಳು. ತೆರೆಯಿತು.
ಅಲ್ಲಿ, ಗುಜರಿಗೆ ಹೋದ ಕಾರಿಗೆ ಇನ್ನೂ ಕಂತು ಕಟ್ಟುತ್ತಿದ್ದಳು.
ಹಾಲಿಗೆ ಇನ್ನೂ ಹಳೇ ದರ.
ಕೆಳಗೆ, ಕೊಡಬೇಕಾದ್ದು ಎಂಬ ಖಾನೆಯಲ್ಲಿ:
ಡೂಗಲ್ಡ್. ಮುನ್ನೂರು. ಚಾವಣಿ.

ಅವಳ ತಮ್ಮ. ಬಿರುಗಾಳಿ ಚಾವಣಿ ಸುಲಿದ ಆ ವರ್ಷ
ಎಣಿಸದೆ ತೆಗೆದುಕೊಟ್ಟ ನೋಟು, ಮೀನಿನ ವಾಸನೆ.
ಬೇಡ ಬೇಡ ಎಂದವನ ಬೂಟಿನೊಳಗೆ ತುರುಕಿ
ಕ್ರಿಸ್‌ಮಸ್ಸಿಗೆ ಸಾಲ ತೀರಿತು.
ಮೇ ತಿಂಗಳಲ್ಲಿ ಅವನೂ ತೀರಿಕೊಂಡ;
ದೋಣಿ ಮರಳಿತು, ಖಾಲಿ.
ಅದೂ ಲೆಕ್ಕದಲ್ಲಿತ್ತಂತೆ: ಹೂವು, ಪಾದ್ರಿ, ಸ್ಯಾಂಡ್‌ವಿಚ್ಚು.
ಸತ್ತ ತಟ್ಟೆಯ ಜತೆ ಅದೂ ಹೋಯಿತು.

ಇದನ್ನು ಅಳಿಸಲೇ, ಕೇಳಿದೆ. ತೀರಿಸಿದ ಸಾಲ,
ಮೊತ್ತ ತಪ್ಪು ತೋರಿಸುತ್ತದೆ.
ಅವಳು ಪರದೆಯನ್ನೇ ನೋಡಿದಳು,
ಕೊನೇ ನಿಲ್ದಾಣದಲ್ಲಿ ಇನ್ನೂ ಒಂದು ಮಗು ಇಳಿಯದೆ ಕೂತಾಗ
ಕನ್ನಡಿಯಲ್ಲಿ ನೋಡುತ್ತಿದ್ದಳೇನೋ, ಹಾಗೆ.
"ಬಿಡು," ಅಂದಳು, "ಇರಲಿ.
ಇನ್ನೂ ಸ್ವಲ್ಪ ದಿನ ಅವನಿಗೆ ಕೊಡುವುದಿರಲಿ."

ನಲವತ್ತು ಡಾಲರು ಎಣಿಸಿ ಇಟ್ಟಳು, ರಸೀದಿ ಕೇಳಿ ಪಡೆದಳು,
ಇದನ್ನು ಯಾವ ಖಾನೆಗೆ ಬರೆಯಲಿ ಎಂದು ತನ್ನಷ್ಟಕ್ಕೇ ಗೊಣಗಿದಳು.
ಎರಡು ನಕಲು ಮಾಡಿದ್ದೆ. ಒಂದು ಅವಳ ಲಾಬ್‌ಸ್ಟರಿನ ಹೊಟ್ಟೆಗೆ.
ಇನ್ನೊಂದನ್ನು ಇಲ್ಲೇ ಬಿಟ್ಟು ಹೋಗು ಅಂದೆ.
ಗೋಡೆಯಲ್ಲಿ ಒಂದು ಮೊಳೆ ಖಾಲಿ ಇತ್ತು.